ಬರ್ಟನ್ ಕ್ವೇಲ್ ಸಾಯಬಾರದು

೧೯೩೭ ನವೆಂಬರ್ ೯, ಮಂಗಳವಾರ. ಡೇಟನ್.

ಓಪಲ್ ಚಿಕ್ಕಮ್ಮ ಸಿಟ್ಟಿನಿಂದ ಊಟ ಬಿಟ್ಟಿದ್ದಾರೆ.

ಅವರ ಮೆಚ್ಚಿನ ನಟ ಬರ್ಟನ್ ಕ್ವೇಲ್ ಯಾವ ಚಿತ್ರದಲ್ಲೂ ಅರ್ಧದವರೆಗೆ ಬದುಕಿದವನಲ್ಲ. ಅವನನ್ನು ಕೊಲ್ಲಬೇಡಿ ಎಂದು ಸ್ಟುಡಿಯೋಗೆ ಬರೆಯಲು ಕೂತಾಗ, "ಬೈದ್ರೆ ಕಸದ ಬುಟ್ಟಿಗೆ ಹಾಕ್ತಾರೆ ಚಿಕ್ಕಮ್ಮ, ಮೊದಲು ಹೊಗಳಿ" ಎಂದು ನಾನೇ ಹೇಳಿಕೊಟ್ಟಿದ್ದೆ. ಚಿಕ್ಕಮ್ಮ ಹೊಗಳಿದ್ದೇ ಹೊಗಳಿದ್ದು. ಅವನಷ್ಟು ಚೆನ್ನಾಗಿ ಸಾಯುವವರು ಜಗತ್ತಿನಲ್ಲೇ ಇಲ್ಲ ಎಂದು ಚರ್ಚಿನ ಹೆಂಗಸರಿಂದಲೂ ಬರೆಸಿದರು. ಕೊಲ್ಲಬೇಡಿ ಎಂಬ ಮಾತು ಎಲ್ಲರ ಕಾಗದದಲ್ಲೂ ಕಟ್ಟಕಡೆಯ ಸಾಲಿಗೆ ಬಿತ್ತು.

ಇವತ್ತು ಉತ್ತರ ಬಂತು. ನಿಮ್ಮ ಅಭಿಮಾನಕ್ಕೆ ಮಣಿದು ಕ್ವೇಲ್ ಅವರನ್ನು ಇನ್ನೂ ಮೂರು ವರ್ಷ ಇಟ್ಟುಕೊಂಡಿದ್ದೇವೆ, ಇನ್ನು ಮುಂದೆ ಅವರ ಸಾವಿನ ದೃಶ್ಯಗಳನ್ನು ಇನ್ನಷ್ಟು ಉದ್ದ ಮಾಡುತ್ತೇವೆ ಎಂದಿದ್ದಾರೆ.

"ಅಯ್ಯೋ ಪಾಪಿಗಳಾ! ಪೂರ್ತಿ ಓದೋಕೇನು ಧಾಡಿ ಇವರಿಗೆ?" ಎಂದು ಚಿಕ್ಕಮ್ಮ ಕೂಗಾಡಿದರು.

"ಹೋಗ್ಲಿ, ಅವನ ಕೆಲಸ ಉಳೀತಲ್ಲ."

"ಸಾಯೋದೂ ಒಂದು ಕೆಲಸವೇನೇ?"

ನಗು ತಡೆಯಲಾರದೆ ಅಡುಗೆಮನೆಗೆ ಓಡಿದೆ. ಅಳುತ್ತಿರಬಹುದೆಂದು ಆಮೇಲೆ ಇಣುಕಿದರೆ, ಕನ್ನಡಕ ಏರಿಸಿಕೊಂಡು ಹೊಸ ಕಾಗದ ಶುರುಮಾಡಿದ್ದರು. ಈ ಸಲ ಹೊಗಳಿಕೆ ಕ್ವೇಲನನ್ನು ಕೊಲ್ಲುವ ಖಳನಾಯಕನಿಗೆ. ಅಂಥ ಕಳೆಯ ಮುಖದವನು ಮೊದಲ ದೃಶ್ಯದಲ್ಲೇ ಸತ್ತರೆ ಅದೆಷ್ಟು ಚೆನ್ನ ಎಂದು ಬರೆಯುತ್ತಿದ್ದಾರೆ. ಈಗ ಅವರ ಲೇಖನಿಯ ಶಾಯಿ ಮುಗಿಯಿತಂತೆ, ನನ್ನದನ್ನು ಕೇಳುತ್ತಿ—