ನಿಮ್ಮಮ್ಮ ಹೊಗಳುತ್ತಿದ್ದ ತುಂಡು

ಆಸ್ಪತ್ರೆ, ಮೂರನೆಯ ಮಹಡಿ
ಬುಧವಾರ, ಹದಿನೇಳನೆಯ ತಾರೀಖು

ಪ್ರೀತಿಯ ಮಗಳಿಗೆ,

ಅಪ್ಪನ ಆಶೀರ್ವಾದಗಳು. ನೀನೂ ಅಳಿಯಂದಿರೂ ಆರೋಗ್ಯವಾಗಿದ್ದೀರಿ ಎಂದು ನಂಬಿದ್ದೇನೆ. 'ನಾವು ಇಲ್ಲಿ ಕ್ಷೇಮ' ಎಂಬ ಸಾಲನ್ನು ಎರಡು ಸಲ ಬರೆದು ಎರಡು ಸಲವೂ ಹಾಳೆ ಹರಿದು ಹಾಕಿದೆ. ಈ ಕಾಗದ ನಿನಗೆ ಹನ್ನೆರಡು ದಿನ ಮೊದಲೇ ತಲುಪಬೇಕಿತ್ತು. ನಿಜ ಹೇಳಬೇಕೆಂದರೆ ಮೂರು ತಿಂಗಳು ಮೊದಲೇ. ತಡವಾದದ್ದಕ್ಕೆ ಕ್ಷಮಿಸು ತಾಯಿ. ನಮ್ಮ ಮನೆಯಲ್ಲಿ ಕಾಗದ ಬರೆಯುತ್ತಿದ್ದವಳು ನಿಮ್ಮಮ್ಮ, ನಾನು ಕೊನೆಗೊಂದು ರುಜು ಹಾಕುವವನು. ಅಕ್ಷರ ಸೊಟ್ಟಗಿದ್ದರೆ, ಮಾತು ಹಿಂದುಮುಂದಾದರೆ ಹೊಂದಿಸಿಕೊಂಡು ಓದು.

ಮೊದಲು ಸುದ್ದಿ ಹೇಳಿಬಿಡುತ್ತೇನೆ. ನಿಮ್ಮಮ್ಮನ ನಾಲಿಗೆಯ ಅಂಚಿನಲ್ಲಿ ಒಂದು ಹುಣ್ಣಾಗಿತ್ತು. ಹಲ್ಲು ತಾಗಿ ಆದದ್ದು ಎಂದುಕೊಂಡು ಜೇನುತುಪ್ಪ ಸವರಿದಳು, ಉಪ್ಪುನೀರು ಮುಕ್ಕಳಿಸಿದಳು. ವಾಸಿಯಾಗಲಿಲ್ಲ. ನಮ್ಮೂರಿನ ಡಾಕ್ಟರು ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿ, ಕ್ಯಾನ್ಸರ್ ಎಂದರು. ಈ ದೊಡ್ಡ ಊರಿನ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ಇಲ್ಲಿನ ಡಾಕ್ಟರಮ್ಮ ಒಳ್ಳೆಯವರು, ಸುತ್ತಿಬಳಸಿ ಮಾತಾಡುವವರಲ್ಲ. "ಬುಡದವರೆಗೂ ಹೋಗಿದೆ, ಪೂರ್ತಿ ತೆಗೀಬೇಕು. ಜೀವ ಉಳಿಸ್ಕೋಬಹುದು. ಮಾತು ಉಳಿಯಲ್ಲ" ಎಂದರು. ಕಾಗದದ ಮೇಲೆ ಪೆನ್ನಿನಲ್ಲಿ ಚಿತ್ರ ಬರೆದು, ಎಲ್ಲಿಂದ ಎಲ್ಲಿಗೆ ಕತ್ತರಿಸುತ್ತಾರೆ ಎಂದು ತೋರಿಸತೊಡಗಿದರು. ಮಾಂಸದಂಗಡಿಯವನಾದ ನನಗೆ ಆ ಚಿತ್ರ ಬೇಕಾಗಿರಲಿಲ್ಲ. ನಾಲಿಗೆ ಎಷ್ಟು ಆಳಕ್ಕೆ ಬೇರು ಬಿಟ್ಟಿರುತ್ತದೆ ಎಂದು ನನ್ನ ಕೈಗೆ ಗೊತ್ತು. ನಾನು ಗೋಡೆ ನೋಡುತ್ತ ಕೂತೆ.

ಐದನೆಯ ತಾರೀಖು ಶುಕ್ರವಾರ ಆಪರೇಷನ್ ಆಯಿತು. ಬೆಳಿಗ್ಗೆ ಎಂಟಕ್ಕೆ ಒಳಗೆ ಹೋದವಳನ್ನು ಸಂಜೆ ಐದಕ್ಕೆ ಹೊರಗೆ ತಂದರು. ಜೀವಕ್ಕೆ ಅಪಾಯವಿಲ್ಲ, ಗಾಬರಿಯಾಗಬೇಡ. ಮೂಗಿನಿಂದ ಹೊಟ್ಟೆಗೆ ಇಳಿಸಿದ ನಳಿಕೆಯಲ್ಲಿ ಹಾಲಿನಂಥದೇನೋ ಬಿಡುತ್ತಾರೆ, ಅದೇ ಊಟ.

ನಿನಗೆ ತಿಳಿಸಕೂಡದೆಂದು ನನ್ನಿಂದ ಆಣೆ ಮಾಡಿಸಿಕೊಂಡಿದ್ದಳು, ಅದನ್ನು ಮುರಿದೇ ಇದನ್ನು ಬರೆಯುತ್ತಿದ್ದೇನೆ. "ಕಾಯಿಲೆ ಅಂತ ಕನಿಕರಪಟ್ಟು ಬರೋದು ಬೇಡ. ಬರೋದಾದ್ರೆ ಕೋಪ ಇಳಿದು ಬರ್ಲಿ" ಎನ್ನುತ್ತಿದ್ದಳು. ಡಾಕ್ಟರಮ್ಮನ ಕೋಣೆಯಿಂದ ಹೊರಗೆ ಬಂದಾಗ ನಾನು ಅಳುವುದನ್ನು ನೋಡಿ, "ಆ ಮಾತಾಡಿದ ನಾಲಿಗೆ ತಾನೆ, ಹೋಗ್ಲಿ ಬಿಡಿ" ಎಂದಳು.

ಯಾವ ಮಾತು ಎಂದು ನಿನಗೆ ಹೇಳಬೇಕಾಗಿಲ್ಲ. ಆದರೂ ಬರೆಯುತ್ತೇನೆ, ಮೂರು ವರ್ಷ ನಾವು ಮೂವರೂ ಅದನ್ನು ಬಾಯಿಬಿಟ್ಟು ಹೇಳದೆ ಮುಚ್ಚಿಟ್ಟದ್ದು ಸಾಕು. ಏಳು ತಿಂಗಳ ನಿನ್ನ ಮಗು ಹೊಟ್ಟೆಯಲ್ಲೇ ತೀರಿಕೊಂಡ ಮಾರನೆಯ ದಿನ, ನಿನ್ನ ಮಂಚದ ಪಕ್ಕದಲ್ಲಿ ನಿಂತು ಅವಳು ಅಂದಿದ್ದಳು: "ದಿನಾ ಬಸ್ಸಲ್ಲಿ ಕುಲುಕಾಡ್ಕೊಂಡು ಕೆಲಸಕ್ಕೆ ಹೋಗ್ಬೇಡ ಅಂತ ಬಡ್ಕೊಂಡೆ. ಕೇಳಿದ್ದಿದ್ರೆ ಮಗು ಉಳೀತಿತ್ತು." ನೀನು ಗೋಡೆಯ ಕಡೆ ತಿರುಗಿಕೊಂಡು, "ಅಪ್ಪಾ, ಇವರನ್ನ ಇಲ್ಲಿಂದ ಕರ್ಕೊಂಡು ಹೋಗು" ಎಂದೆ. 'ಅಮ್ಮನ್ನ' ಅನ್ನಲಿಲ್ಲ, 'ಇವರನ್ನ' ಅಂದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವಳ ತಪ್ಪು ಅವಳದು. ನಾನೂ ಅಲ್ಲೇ ಹಣ್ಣಿನ ಚೀಲ ಹಿಡಿದುಕೊಂಡು ನಿಂತಿದ್ದೆನಲ್ಲ. 'ಸುಮ್ನಿರೇ' ಎಂಬ ಒಂದು ಮಾತು ನನ್ನ ಬಾಯಿಂದ ಬರಲಿಲ್ಲ. ಅದು ನನ್ನ ತಪ್ಪು.

ಈಗ ಆಪರೇಷನ್ನಿನ ಹಿಂದಿನ ಸಂಜೆಯ ಸಂಗತಿ ಹೇಳಬೇಕು. ಯಾರಿಗಾದರೂ ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ.

ಗುರುವಾರ ಮೂರು ಗಂಟೆಗೆಲ್ಲ ರಕ್ತ, ಎಕ್ಸ್‌ರೇ ಎಲ್ಲ ಮುಗಿಯಿತು. ಡಾಕ್ಟರಮ್ಮ ಬಂದು, "ರಾತ್ರಿ ಹತ್ತರ ಮೇಲೆ ನೀರೂ ಇಲ್ಲ. ಅಷ್ಟರಲ್ಲಿ ಏನು ಆಸೆ ಇದೆಯೋ ತಿಂದ್ಬಿಡಿ. ಒಂಬತ್ತಕ್ಕೆ ವಾಪಸ್ ಇರ್ಬೇಕು" ಎಂದರು. ಸಿಹಿ ಕೇಳುತ್ತಾಳೆ ಎಂದುಕೊಂಡೆ. ಅವಳು ಸೀರೆ ಸರಿಮಾಡಿಕೊಳ್ಳುತ್ತ, "ನಡೀರಿ, ಒಳ್ಳೆ ಸ್ಟೀಕ್ ತಿನ್ನಬೇಕು ನಾನು" ಎಂದಳು.

ನಿನಗೆ ಗೊತ್ತಲ್ಲ, ಅಂಗಡಿಯಲ್ಲಿ ಕತ್ತಿ ನನ್ನದು, ಬಾಯಿ ಅವಳದು. ಸ್ಟೀಕಿಗೆಂದು ಕೊಯ್ದ ದನದ ಬೆನ್ನಿನ ಭಾಗದ ದಪ್ಪ ತುಂಡುಗಳನ್ನು ಟ್ರೇಯಲ್ಲಿ ಜೋಡಿಸಿಟ್ಟು ಅವಳು ಗಿರಾಕಿಗಳಿಗೆ ಪಾಠ ಹೇಳುತ್ತಿದ್ದಳು: "ಕಾದ ಹೆಂಚಿನ ಮೇಲೆ ಒಂದೊಂದು ಮಗ್ಗುಲು ನಾಲ್ಕೇ ನಿಮಿಷ. ಒಳಗೆ ಕೆಂಪಿರ್ಲಿ. ಬಾಯಲ್ಲಿಟ್ರೆ ಬೆಣ್ಣೆ!" ಅವಳ ಬಾಯಿಗೆ ಸಿಕ್ಕವರು ಬರಿಗೈಯಲ್ಲಿ ಹೋದದ್ದಿಲ್ಲ. ಆದರೆ ನಮ್ಮ ತಟ್ಟೆಗೆ ಬಂದದ್ದು ಯಾವತ್ತೂ ಅಂಚು, ಕೊಚ್ಚಿದ ಚೂರು, ಮೂಳೆಯ ಸಾರು. ಮಾರಾಟದ ತುಂಡನ್ನು ಮನೆಗೆ ಒಯ್ಯಬಾರದೆಂಬ ನಿಯಮ ನನ್ನಪ್ಪನ ಕಾಲದ್ದು, ನಾನೂ ಅದನ್ನೇ ಪಾಲಿಸಿಕೊಂಡು ಬಂದೆ. "ಮೂವತ್ತೊಂದು ವರ್ಷ ತಿನ್ನದೇ ಹೊಗಳಿದೀನಿ ಕಣ್ರೀ. ನಾನು ಹೇಳಿದ್ದು ನಿಜವೋ ಸುಳ್ಳೋ ಇವತ್ತು ನೋಡ್ಬೇಕು" ಎಂದಳು. ನನಗೆ ಕಪಾಳಕ್ಕೆ ಹೊಡೆದ ಹಾಗಾಯಿತು.

ಗುರುತಿಲ್ಲದ ಊರು. ನಾನು ಉಳಿದುಕೊಂಡಿದ್ದ ಲಾಡ್ಜಿನ ಮ್ಯಾನೇಜರು, ರೈಲ್ವೆ ಸ್ಟೇಷನ್ನಿನ ಎದುರಿಗಿರುವ ಹೋಟೆಲಿನಲ್ಲಿ ಸಿಗುತ್ತದೆ, ಬಾಗಿಲಲ್ಲೇ ಬಣ್ಣದ ಚಿತ್ರ ಹಾಕಿದ್ದಾರೆ ಎಂದ. ಹೋದೆವು. ತಟ್ಟೆ ಬಂತು. ಬೆರಳಿನಿಂದ ಒತ್ತಿ ನೋಡಿದೆ. ಎಷ್ಟು ದಿನ ಹೆಪ್ಪುಗಟ್ಟಿಸಿ ಇಟ್ಟಿದ್ದರೋ, ನೀರು ಬಿಟ್ಟುಕೊಂಡಿತ್ತು. ಬಡಿದು ಬಡಿದು ಚಪ್ಪಲಿಯ ಅಟ್ಟೆ ಮಾಡಿದ್ದರು. ಅವಳು ಮೂಸಿ ನೋಡಿ, "ಏಳಿ. ಇಂಥದನ್ನ ನಮ್ಮಂಗಡಿ ನಾಯಿನೂ ಮುಟ್ಟಲ್ಲ" ಎಂದಳು.

ಮುಂದಿನ ಬೀದಿಯಲ್ಲಿ ಗಾಜಿನ ಬಾಗಿಲಿನ ದೊಡ್ಡ ಹೋಟೆಲಿತ್ತು. ಬಾಗಿಲಲ್ಲಿದ್ದ ಕೋಟಿನವನು ಟೇಬಲ್ ಬುಕ್ ಮಾಡಿದ್ದೀರಾ ಎಂದು ಕೇಳಿದ. ಆಮೇಲೆ ಅವಳ ಊದಿದ ದವಡೆಯನ್ನೂ ಬಾಯಿಗೆ ಹಿಡಿದ ಕರವಸ್ತ್ರವನ್ನೂ ನೋಡಿ ಒಂದು ಹೆಜ್ಜೆ ಹಿಂದೆ ಸರಿದು, "ಏನಮ್ಮಾ ಅದು, ಅಂಟುರೋಗನಾ?" ಎಂದ. ಅವಳು ಕರವಸ್ತ್ರ ತೆಗೆದು, ತೊದಲಿದರೂ ಬಿಡಿಸಿ ಬಿಡಿಸಿ ಹೇಳಿದಳು: "ಅಂಟಲ್ಲ ಕಣಪ್ಪಾ. ಅಂಟೋ ಹಾಗಿದ್ದಿದ್ರೆ ನಮ್ಮೆಜಮಾನ್ರು ಇಷ್ಟೊತ್ತಿಗೆ ನನ್ನಷ್ಟೇ ಮಾತಾಡ್ತಿದ್ರು!" ನಾವು ಫುಟ್‌ಪಾತಿನ ಮೇಲೆ ನಿಂತು ನಕ್ಕೆವು. ನಕ್ಕದ್ದಕ್ಕೆ ಅವಳ ಬಾಯಿಂದ ಸ್ವಲ್ಪ ರಕ್ತ ಬಂತು. ಒರೆಸಿಕೊಂಡು, "ಇನ್ನೂ ಆರೂವರೆ, ನಡೀರಿ" ಎಂದಳು.

ಆಗ ನನಗೆ ಬುದ್ಧಿ ಓಡಿತು. ಮಾಂಸದ ಮಾರ್ಕೆಟ್ಟು ಎಲ್ಲಿ ಎಂದು ಕೇಳಿಕೊಂಡು ಹೋದೆ. ಒಬ್ಬ ಮುದುಕ ಅಂಗಡಿಯವನು ಮಾಂಸ ಕೊಯ್ಯುವ ಹಲಗೆ ಉಜ್ಜಿ ಉಪ್ಪು ಹಾಕುತ್ತಿದ್ದ. ನಾನೂ ಇದೇ ಕಸುಬಿನವನು ಎಂದೆ. ಕತ್ತಿಗೆ ಸಿಕ್ಕಿ ಅರ್ಧವಾದ ನನ್ನ ಎಡಗೈಯ ಬೆರಳು ನೋಡಿ ನಂಬಿದ. "ಅಣ್ಣಾ, ನಿನ್ನ ಹತ್ರ ಬರೋ ಬೆನ್ನಿನ ತುಂಡು, ಒಳ್ಳೇದು, ಯಾರಿಗೆ ಹೋಗತ್ತೆ?" ಎಂದು ಕೇಳಿದೆ. ಅವನು ನಿಮ್ಮಮ್ಮನ ಮುಖ ನೋಡಿದ. "ಬಸ್ ಡಿಪೋ ಹಿಂದೆ ಒಬ್ಬಳಿದ್ದಾಳೆ. ಬೋರ್ಡು ಗೀರ್ಡು ಇಲ್ಲ, ಹಸಿರು ಬಾಗಿಲು. ಬೈದು ಬೈದು ಆರಿಸ್ಕೊಂಡು ಹೋಗ್ತಾಳೆ. ನಾನೇ ಕಳ್ಸಿದೆ ಅಂತ ಹೇಳ್ಬೇಡಿ, ನಾಳೆ ಬಂದು ನನಗೂ ಬೈತಾಳೆ" ಎಂದ.

ಆರೇ ಟೇಬಲ್ಲಿನ ಜಾಗ. ಡಿಪೋದ ಮೆಕ್ಯಾನಿಕ್ಕುಗಳು ಗ್ರೀಸು ಹತ್ತಿದ ಬಟ್ಟೆಯಲ್ಲೇ ಕೂತು ಉಣ್ಣುತ್ತಿದ್ದರು. ಅಡುಗೆಯಾಕೆ ದಪ್ಪ ತೋಳಿನ ಹೆಂಗಸು, ಮುಖದಲ್ಲಿ ನಗು ಇಲ್ಲ. ನಾವು ಬೇಕಾದದ್ದು ಹೇಳಿದ ಕೂಡಲೇ ಆಕೆ ಒಂದು ತುಂಡು ಹೊರತೆಗೆದಿದ್ದಳು. ನಾನು ಅಡುಗೆಮನೆಯ ಬಾಗಿಲಿಗೆ ಹೋಗಿ, ನಾಳೆ ಬೆಳಿಗ್ಗೆ ಏನಾಗುತ್ತದೆ ಎಂದು ಎರಡು ಮಾತಲ್ಲಿ ಹೇಳಿದೆ. ಆಕೆ ನನ್ನತ್ತ ತಿರುಗಿಯೂ ನೋಡಲಿಲ್ಲ. ಕೈಯಲ್ಲಿದ್ದ ತುಂಡನ್ನು ಮತ್ತೆ ಫ್ರಿಜ್ಜಿನಲ್ಲಿಟ್ಟು, ಕೆಳಗಿನ ತಟ್ಟೆಯಿಂದ ಬೇರೊಂದನ್ನು ತೆಗೆದಳು. ಮಗಳೇ, ಅಂಥ ತುಂಡನ್ನು ನಾನು ವರ್ಷಕ್ಕೆ ನಾಲ್ಕು ಸಲ ನೋಡಿದರೆ ಹೆಚ್ಚು. ಕೊಬ್ಬು ಎಳೆ ಎಳೆಯಾಗಿ ಹರಡಿಕೊಂಡಿತ್ತು. "ನಾನು ಬೇಯಿಸ್ತೀನಿ. ನೀವು ಹೋಗಿ ಅವರ ಪಕ್ಕ ಕೂತ್ಕೊಳ್ಳಿ" ಎಂದಳು.

ತಟ್ಟೆ ತಂದಿಟ್ಟು, "ಎಷ್ಟು ಬೇಯ್ಬೇಕು ಅಂತ ಕೇಳ್ಲಿಲ್ಲ, ನನಗೆ ತಿಳಿದ ಹಾಗೆ ಮಾಡಿದೀನಿ" ಎಂದಳು. ನಿಮ್ಮಮ್ಮ ನಡುವೆ ಕೊಯ್ದು, ಒಳಗಿನ ಕೆಂಪು ನೋಡಿ ತಲೆದೂಗಿದಳು. ನಾನು ಸಣ್ಣದಾಗಿ ಕತ್ತರಿಸಿಕೊಡಲು ಹೋದರೆ ಕೈ ತಳ್ಳಿದಳು. "ನೀವು ಕತ್ತರಿಸಿದ್ದು ಸಾಕು. ಇವತ್ತು ನಂದು." ಹುಣ್ಣಿಲ್ಲದ ಬಲಗಡೆಗೆ ಮೊದಲ ಚೂರು ಇಟ್ಟುಕೊಂಡು ಕಣ್ಣು ಮುಚ್ಚಿದಳು. ಬಹಳ ಹೊತ್ತು ಅಗಿದಳು. ಕಣ್ಣಲ್ಲಿ ನೀರು ಇಳಿಯಿತು.

"ಉರೀತಿದೆಯೇನೇ?"

"ಉರೀತಿದೆ. ಸುಮ್ನಿರಿ."

ನುಂಗಿದ ಮೇಲೆ ಹೇಳಿದಳು: "ನಾನು ಗಿರಾಕಿಗಳಿಗೆ ಹೇಳ್ತಿದ್ದದ್ದು ಸುಳ್ಳು ಕಣ್ರೀ. ಬೆಣ್ಣೆ ಥರ ಅಲ್ವೇ ಅಲ್ಲ ಇದು. ಬೆಣ್ಣೆ ಕರಗಿ ಹೋಗತ್ತೆ. ಇದು ಬಾಯಲ್ಲಿ ನಿಲ್ಲತ್ತೆ."

ಏಳು ಚೂರು ತಿಂದಳು, ಒಂದು ಗಂಟೆಯ ಮೇಲೆ ಹಿಡಿಯಿತು. ಮೆಕ್ಯಾನಿಕ್ಕುಗಳು ಎದ್ದು ಹೋದರು. ಅಡುಗೆಯಾಕೆ ಒಂದು ಸಲವೂ ಅವಸರ ಮಾಡಲಿಲ್ಲ. ಎರಡು ಬಾರಿ ಬಂದು ಬೆಚ್ಚಗಿನ ನೀರಿಟ್ಟು ಹೋದಳು. ಉಳಿದದ್ದನ್ನು ನನ್ನ ಕಡೆ ಸರಿಸಿದಳು ನಿಮ್ಮಮ್ಮ. ನಾನು ತಿಂದೆ. ರುಚಿ ಹೇಗಿತ್ತು ಎಂದು ಕೇಳಬೇಡ, ನನಗೆ ಗೊತ್ತಾಗಲಿಲ್ಲ.

ಈಗ ಅವಳು ಕಿಟಕಿಯ ಪಕ್ಕದ ಮಂಚದಲ್ಲಿ ಮಲಗಿದ್ದಾಳೆ. ನರ್ಸು ಒಂದು ಪುಸ್ತಕ, ಪೆನ್ಸಿಲು ಕೊಟ್ಟಿದ್ದಾರೆ. 'ದಿಂಬು', 'ಕಿಟಕಿ ಮುಚ್ಚಿ', 'ಊಟ ಮಾಡಿದ್ರಾ?' ಇಷ್ಟೇ ಬರೆಯುತ್ತಾಳೆ. ಅವಳ ಮಾತು ನನಗೆ ತಲೆನೋವು ಎಂದು ಎಷ್ಟು ಸಲ ಗೊಣಗಿದ್ದೇನೆ, ನೀನೇ ಸಾಕ್ಷಿ. ಮೊನ್ನೆ ಕಿಟಕಿಯ ಕೆಳಗೆ ಬೀದಿಯಲ್ಲಿ ಯಾರೋ ಹೆಂಗಸು ಹಣ್ಣಿನವನ ಹತ್ತಿರ ಚೌಕಾಸಿ ಮಾಡುತ್ತಿದ್ದಳು. ನಾನು ಮೆಟ್ಟಿಲಿಳಿದು ಹೋಗಿ, ಅವಳ ಮಾತು ಮುಗಿಯುವ ತನಕ ನಿಂತು ಕೇಳಿ ಬಂದೆ.

ಬಾ ಎಂದು ನಾನು ಬರೆಯುವುದಿಲ್ಲ. ನಿನ್ನ ನೋವಿನ ತೂಕ ನಿನಗೇ ಗೊತ್ತು, ಅದನ್ನು ಇಳಿಸು ಎನ್ನಲು ನಾನು ಯಾರು? ನೋಡಲು ಬಿಡುವ ಸಮಯ ಸಂಜೆ ನಾಲ್ಕರಿಂದ ಆರು. ಸುಮ್ಮನೆ ತಿಳಿಸಿದ್ದೇನೆ, ಅಷ್ಟೇ. ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಬಾಳು ತಣ್ಣಗಿರಲಿ. ನಿನ್ನ ಮನೆಯಲ್ಲಿ ಸದಾ ಯಾರಾದರೂ ಮಾತಾಡುತ್ತಿರಲಿ.

ಇಂತಿ,
ನಿನ್ನ ಅಪ್ಪ

ತಾ. ಕ.: ಸಹಿ ಹಾಕಿ ಲಕೋಟೆಗೆ ಹಾಕಿದ್ದೆ. ಮತ್ತೆ ತೆಗೆದೆ. ಇದೊಂದನ್ನು ಮಾತ್ರ ಬರೆಯಬೇಡಿ ಎಂದು ನಿಮ್ಮಮ್ಮ ಪುಸ್ತಕದಲ್ಲಿ ದೊಡ್ಡದಾಗಿ ಬರೆದು ಕೆಳಗೆ ಗೆರೆ ಎಳೆದಿದ್ದಾಳೆ. ಅವಳ ಮಾತು ಮೀರುತ್ತಿದ್ದೇನೆ.

ಆ ಗುರುವಾರ ರಾತ್ರಿ ಎಂಟೂಕಾಲಿಗೆ ನಿನಗೊಂದು ಫೋನ್ ಬಂದಿತ್ತು. ಗುರುತಿಲ್ಲದ ನಂಬರು. ನೀನು "ಹಲೋ" ಅಂದೆ. "ಯಾರು?" ಅಂದೆ. "ಯಾರು ಬೇಕಿತ್ತು? ಕೇಳಿಸ್ತಿಲ್ಲ" ಅಂದು, ಸ್ವಲ್ಪ ಹೊತ್ತು ಕಾದು ಇಟ್ಟೆ. ಅದು ಅಡುಗೆಯಾಕೆಯ ಮೇಜಿನ ಮೇಲಿದ್ದ ಫೋನು. ಊಟವಾದ ಮೇಲೆ ನಿಮ್ಮಮ್ಮನೇ ಕೇಳಿ ತೆಗೆದುಕೊಂಡು, ಎಲ್ಲೂ ನೋಡದೆ ನಿನ್ನ ನಂಬರು ಒತ್ತಿದಳು. ನಾನು ಪಕ್ಕದಲ್ಲಿ ಕಿವಿಯಿಟ್ಟು ನಿಂತಿದ್ದೆ. ಮಾರ್ಕೆಟ್ಟಿನಿಂದ ನಡೆದು ಬರುವ ದಾರಿಯುದ್ದಕ್ಕೂ ಅವಳು ಏನನ್ನೋ ಬಾಯಿಪಾಠ ಮಾಡುತ್ತಿದ್ದಳು. ನನಗೆ ಕೇಳಿಸಿತ್ತು: "ತಪ್ಪು ನಿಂದಲ್ಲ ಮಗಳೇ. ಯಾವತ್ತೂ ನಿಂದಲ್ಲ. ನಾನು ಹಾಗನ್ನಬಾರದಿತ್ತು." ಇಷ್ಟೇ. ಇದನ್ನೇ ಹತ್ತಿಪ್ಪತ್ತು ಸಲ ಹೇಳಿಕೊಂಡಿದ್ದಳು.

ನಿನ್ನ ಧ್ವನಿ ಕೇಳಿದ ಕೂಡಲೇ ಅವಳ ಬಾಯಿ ತೆರೆಯಿತು. ಮಾತು ಬರಲಿಲ್ಲ. ನಾಲಿಗೆ ಇನ್ನೂ ಇತ್ತು ಮಗಳೇ, ಮಾತು ಬರಲಿಲ್ಲ. ನೀನು ಇಟ್ಟ ಮೇಲೂ ಫೋನನ್ನು ಕಿವಿಗೆ ಒತ್ತಿಕೊಂಡೇ ನಿಂತಿದ್ದಳು. ಮತ್ತೊಂದು ಸಲ ಮಾಡು ಎಂದು ನಾನು ಎಷ್ಟೋ ಹೇಳಿದೆ. ತಲೆ ಅಲ್ಲಾಡಿಸಿದಳು. ಹೊರಗೆ ಬಂದು, ಆಸ್ಪತ್ರೆಯ ದಾರಿಯಲ್ಲಿ ಅರ್ಧ ನಡೆದ ಮೇಲೆ, ನನ್ನ ತೋಳು ಹಿಡಿದುಕೊಂಡು ಹೇಳಿದಳು:

"ಧ್ವನಿ ಚೆನ್ನಾಗಿದೆ ಕಣ್ರೀ ಅವಳದು. ಶೀತ ಗೀತ ಏನೂ ಇಲ್ಲ."