ಮೇಷ್ಟ್ರಿಗೆ ಬಂದ ಸ್ವಾಗತ

ನವೆಂಬರ್ ೧೪, ಗುರುವಾರ

ಬೆಳಗಿನಿಂದ ತಲೆಯಲ್ಲಿ ಒಂದೇ ವಿಷಯ.

ಯಾರು ಬೇಕಾದರೂ ನೋಡಿ ತಿದ್ದಬಹುದಾಗಿದ್ದ ನನ್ನ ಓಪನ್ ಸೋರ್ಸ್ ಸಾಫ್ಟ್‌ವೇರ್ ಕಂಪನಿಯಾದ ಮೇಲೆ, ಹೊರಗಿನವರು ಕೋಡ್ ಕಳಿಸಿದರೆ ಅದರ ಹಕ್ಕು ನಮಗೆ ಬಿಟ್ಟುಕೊಟ್ಟು ಸಹಿ ಮಾಡಬೇಕು. ವಕೀಲರು ಹೇಳಿದರು, ನಿಯಮ ಬರೆದವನು ನಾನು. ಇವತ್ತು ಮೇಷ್ಟ್ರು ಒಂದು ತಿದ್ದುಪಡಿ ಕಳಿಸಿದ್ದರು. ಅವರ ಮುಖ ನೋಡಿಲ್ಲ. ಒಂಬತ್ತು ವರ್ಷದಿಂದ ಆನ್‌ಲೈನಿನಲ್ಲೇ ನನ್ನ ಕೋಡ್ ತಿದ್ದುತ್ತಾ ಬಂದದ್ದಕ್ಕೆ ನಾನಿಟ್ಟ ಹೆಸರು ಅದು. ಹೊಸ ವ್ಯವಸ್ಥೆ ಅವರನ್ನು ಹೊಸಬರೆಂದುಕೊಂಡು ತಾನಾಗಿಯೇ ಉತ್ತರ ಕೊಟ್ಟಿದೆ: “ನಮ್ಮ ಬಳಗಕ್ಕೆ ಸ್ವಾಗತ. ನಿಮ್ಮ ಮೊದಲ ಕೊಡುಗೆಗೆ ಧನ್ಯವಾದ. ದಯವಿಟ್ಟು ಸಹಿ ಮಾಡಿ.”

ಮೇಷ್ಟ್ರು ಬರೆದರು: “ಸಹಿ ಬೇಡಪ್ಪ. ತಪ್ಪು ಎಲ್ಲಿದೆ ಅಂತ ತೋರಿಸಿದೀನಲ್ಲ, ನೀನೇ ಬರ್ಕೋ.”

“ಯಾರು ಸರ್ ಇವರು?” ಎಂದಳು ಹೊಸ ಇಂಜಿನಿಯರ್.

“ಹಳಬರು” ಎಂದೆ. ಹನ್ನೊಂದು ಜನರಿರುವ ಆಫೀಸಿನಲ್ಲಿ ಈ ಸಂಕಟ ಯಾರ ಮುಂದೆ ಹೇಳಲಿ?

ಮನೆಗೆ ಬಂದು ಆ ತಪ್ಪನ್ನು ನಾನೇ ಸರಿಮಾಡಿದೆ. ತಿದ್ದಿದ್ದನ್ನು ಪರಿಶೀಲಿಸುವವರು ಯಾರು ಎಂದು ಕೇಳುವ ಜಾಗದಲ್ಲಿ ಬೆರಳು ತಾನಾಗಿಯೇ ಮೇಷ್ಟ್ರ ಹೆಸರು ಒತ್ತಿತು. ಪಟ್ಟಿಯಲ್ಲಿ ಅವರಿಲ್ಲ. ಸಂಜೆಯೇ ತಮ್ಮ ಹೆಸರು ತೆಗೆದು ನಮ್ಮ ಬಳಗದಿಂದ ಹೊರಗೆ ಹೋಗಿದ್ದಾರೆ.

ಆ ಜಾಗ ಇನ್ನೂ ಖಾಲಿ ಬಿಟ್ಟುಕೊಂಡು ಕೂತಿದ್ದೇನೆ. ನನ್ನ ಕೋಡ್ ಸರಿಯಿದೆಯೇ ಎಂದು ಇನ್ನು ಯಾರನ್ನು ಕೇಳಲಿ?