ಅತ್ತೆಯ ಹಣೆಯ ಗೆರೆ

ಲಕ್ಷ್ಮೇಶ್ವರ

ಗದಗಿನ ಡಾಕ್ಟರ್ ಮೇಡಂ ಅವರಿಗೆ, ಗುರುಸಿದ್ದವ್ವನವರ ಸೊಸೆ ಶಿವರಂಜನಿಯ ನಮಸ್ಕಾರ.

ಮೈದುನ ವೀರುವಿನ ಮದುವೆ ಅಲ್ಬಮ್ ನೋಡಿ, "ನಾ ಒಬ್ಬಾಕಿನ ಸಿಟ್ಟಾಗಿ ಕುಂತಂಗ ಕಾಣ್ತೀನಲ್ಲ" ಎಂದು ಬೇಸರಪಟ್ಟ ನಮ್ಮ ಅತ್ತೆಯನ್ನು ನಿಮ್ಮಲ್ಲಿಗೆ ಕರೆತಂದಿದ್ದೆ, ನೆನಪಿರಬಹುದು. ನೀವು ಹುಬ್ಬುಗಳ ನಡುವೆ ಬೊಟಾಕ್ಸ್ ಇಂಜೆಕ್ಷನ್ ಕೊಟ್ಟ ಮೇಲೆ ಅಲ್ಲಿನ ಗೆರೆ ಹೋಯಿತು.

ಖರೆ ಹೇಳಬೇಕೆಂದರೆ, ಮದುವೆಯಾಗಿ ಬಂದಾಗಿನಿಂದ ಆ ಗೆರೆಗೆ ನಾನು ಹೆದರುತ್ತಿದ್ದೆ. ಅದು ಮೂಡಿತೆಂದರೆ ಅಡುಗೆಮನೆ ಸೇರಿಬಿಡುತ್ತಿದ್ದೆ. ಗೆರೆಯ ಜೊತೆ ನನ್ನ ಭಯವೂ ಹೋಯಿತು. ಈಗ ಸಂಜೆ ಚಹಾ ಹಿಡಿದು ಅವರ ಪಕ್ಕದಲ್ಲೇ ಕೂರುತ್ತೇನೆ. ಅವರು ತಮ್ಮ ತವರಿನ ಸುದ್ದಿ ಹೇಳಿ ನನ್ನನ್ನು ನಗಿಸುತ್ತಾರೆ.

ಇಂಜೆಕ್ಷನ್ನಿನ ಗುಣ ಕೆಲವು ತಿಂಗಳಷ್ಟೇ ಎಂದು ನೀವು ಹೇಳಿದ್ದಿರಿ. ಅದೊಂದು ಅಂಜಿಕೆ ಒಳಗಿತ್ತು. ನಿನ್ನೆ ಪೇಟೆಯಿಂದ ಬಂದು ಬಾಗಿಲಲ್ಲಿ ನಿಂತೆ. ಅತ್ತೆ ಒಳಗಿನಿಂದ ನನ್ನತ್ತ ನೋಡಿದರು, ಗೆರೆ ಮತ್ತೆ ಮೂಡಿತು.

"ಯಾಕ್ರೀ ಅತ್ತಿ, ನನ್ನಿಂದ ಏನರ ತಪ್ಪಾತೇನ್ರಿ?" ಎಂದೆ. ಇಷ್ಟು ವರ್ಷ ಕೇಳುವ ಧೈರ್ಯ ಬಂದಿರಲಿಲ್ಲ.

"ಏ ಹುಚ್ಚಿ, ಅಷ್ಟ ದೂರ ನಿಂತ್ರ ನಿನ್ನ ಮಾರಿ ನನಗೆಲ್ಲಿ ಕಾಣತೈತಿ? ಕಣ್ಣ ಸಣ್ಣ ಮಾಡಿ ನೋಡಾಕತ್ತೀನಿ. ಸನೇಕ ಬಾ" ಎಂದರು.

ಆದ್ದರಿಂದ ಮೇಡಂ, ಎರಡನೇ ಇಂಜೆಕ್ಷನ್ ಬೇಡ. ಗದಗಿನಲ್ಲಿ ಒಳ್ಳೆಯ ಕಣ್ಣಿನ ಡಾಕ್ಟರ್ ಯಾರೆಂದು ದಯವಿಟ್ಟು ತಿಳಿಸಿ. ಕನ್ನಡಕ ಬರುವವರೆಗೆ ನಾನು ಹತ್ತಿರವೇ ಕೂರುತ್ತೇನೆ.

ನಿಮ್ಮ ಉಪಕಾರ ಮರೆಯದ,
ಶಿವರಂಜನಿ